ಒಂದು ಕೆಜಿ ಮಗು, 15 ಎಂಎಲ್ ರಕ್ತ

ಇಪ್ಪತ್ತೆಂಟನೇ ವಾರಕ್ಕೇ ಹುಟ್ಟಿ ಒಂದು ಕೆಜಿ ತೂಗುವ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ 90ರಿಂದ 100 ಎಂಎಲ್. ಹೋಟೆಲಿನಲ್ಲಿ ಬೈಟು ಕಾಫಿ ಹೇಳಿದರೆ ಬರುವ ಲೋಟದಷ್ಟು. ದಿನ ತುಂಬಿ ಹುಟ್ಟಿದ ಮಗುವಿಗಾದರೆ ಕೆಜಿಗೆ 80ರಿಂದ 85 ಎಂಎಲ್ ಲೆಕ್ಕ. ಆದ್ದರಿಂದ ನವಜಾತ ಶಿಶುಗಳ ಘಟಕದಲ್ಲಿ ಕೆಲಸ ಮಾಡುವ ನಾವು ರಕ್ತ ಏರಿಸುವ ವಿಚಾರ ಹೇಳಬೇಕಾದರೆ ರಕ್ತ ತೆಗೆಯುವ ವಿಚಾರದಿಂದಲೇ ಶುರು ಮಾಡಬೇಕು.

ಮೊದಲ ದಿನದ ಲೆಕ್ಕ ಹಾಕಿ ನೋಡಿ. ರಕ್ತಕಣ ಎಣಿಸುವ ಸಿಬಿಸಿಗೆ ಅರ್ಧ ಎಂಎಲ್, ಸೋಂಕು ಹುಡುಕುವ ಕಲ್ಚರ್‌ಗೆ ಒಂದು, ಕಾಮಾಲೆ ತೋರಿಸುವ ಬಿಲಿರುಬಿನ್ ಮತ್ತು ಲವಣಗಳ ಎಲೆಕ್ಟ್ರೊಲೈಟ್‌ಗೆ ಒಂದು, ಗುಂಪು ನೋಡಲು ಮತ್ತೊಂದು, ಆಮ್ಲಜನಕ ನೋಡುವ ಬ್ಲಡ್ ಗ್ಯಾಸ್ ಮೂರು ಸಲ ಎಂದರೆ ಒಂದೊಂದಕ್ಕೆ 0.3. ಸೇರಿಸಿದರೆ ನಾಲ್ಕೂವರೆ ಎಂಎಲ್ ಹತ್ತಿರ. ಅರವತ್ತು ಕೆಜಿಯ ದೊಡ್ಡವರಿಂದ ಒಂದೇ ದಿನ ಸುಮಾರು 200 ಎಂಎಲ್ ತೆಗೆದ ಹಾಗೆ. ಮಾರನೇ ದಿನ, ಅದರ ಮಾರನೇ ದಿನವೂ ಪರೀಕ್ಷೆಗಳಿರುತ್ತವೆ. ದಿನ ತುಂಬದ ಮಕ್ಕಳಿಗೆ ಮೊದಲ ಕೆಲವು ವಾರದಲ್ಲಿ ರಕ್ತ ಕಡಿಮೆಯಾಗಲು ಮುಖ್ಯ ಕಾರಣಗಳಲ್ಲಿ ನಮ್ಮ ಸೂಜಿಯೂ ಒಂದು. ಹಾಗಾಗಿ ಪ್ರತಿ ಮಗುವಿನ ಚಾರ್ಟ್‌ನಲ್ಲಿ ಮೂತ್ರ, ಹಾಲು ಬರೆಯುವ ಹಾಗೆಯೇ ತೆಗೆದ ರಕ್ತಕ್ಕೂ ಒಂದು ಕಾಲಂ ಇರಬೇಕು. ಬರೆಯತೊಡಗಿದ ವಾರದಲ್ಲೇ ‘ಸುಮ್ಮನೆ ಒಂದು ಸಲ ನೋಡೋಣ’ ಎಂಬ ಪರೀಕ್ಷೆಗಳು ತಾವಾಗಿಯೇ ಕಡಿಮೆಯಾಗುತ್ತವೆ. ಮೊದಲ ಪರೀಕ್ಷೆಗಳಲ್ಲಿ ಬಹುಪಾಲನ್ನು ಮಾಸಿನ ಕಡೆಯ ಹೊಕ್ಕುಳಬಳ್ಳಿಯ ರಕ್ತದಲ್ಲೇ ಮಾಡಬಹುದು. ಅದು ಹೇಗೂ ಬಕೆಟ್ಟಿಗೆ ಹೋಗುವ ರಕ್ತ.

ಹೊಕ್ಕುಳಬಳ್ಳಿಯನ್ನು ಯಾವಾಗ ಕತ್ತರಿಸುತ್ತಾರೆ ಎನ್ನುವುದೂ ಇದೇ ಲೆಕ್ಕಕ್ಕೆ ಸೇರಿದ್ದು. ಹುಟ್ಟಿದ ಕೂಡಲೇ ಕ್ಲಾಂಪ್ ಹಾಕದೆ 30ರಿಂದ 60 ಸೆಕೆಂಡ್ ಕಾದರೆ ಮಾಸಿನಲ್ಲಿರುವ ರಕ್ತದ ಒಂದು ಪಾಲು ಮಗುವಿಗೆ ಇಳಿಯುತ್ತದೆ. ಹಾಗೆ ಕಾದ ಮಕ್ಕಳಿಗೆ ಮುಂದೆ ರಕ್ತ ಏರಿಸುವ ಅಗತ್ಯ ಕಡಿಮೆ ಎಂಬುದು ಮತ್ತೆ ಮತ್ತೆ ಸಾಬೀತಾಗಿದೆ. ಹುಟ್ಟಿದ ಮಗು ಉಸಿರಾಡದೆ ಇದ್ದರೆ, ಮಾಸು ಕಳಚಿ ರಕ್ತ ಹೋಗುತ್ತಿದ್ದರೆ ಮಾತ್ರ ಕಾಯುವ ಪ್ರಶ್ನೆ ಇಲ್ಲ.

ಇಷ್ಟೆಲ್ಲ ಜೋಪಾನ ಮಾಡಿದರೂ ಹಿಮೋಗ್ಲೋಬಿನ್ (ಎಚ್‌ಬಿ) ಇಳಿದೇ ಇಳಿಯುತ್ತದೆ. ದೊಡ್ಡವರ ಕೆಂಪು ಕಣ 120 ದಿನ ಬದುಕಿದರೆ ದಿನ ತುಂಬದ ಮಗುವಿನದು 35ರಿಂದ 50 ದಿನ. ಹೊಸ ಕಣ ಮಾಡು ಎಂದು ಮಜ್ಜೆಗೆ ಹೇಳುವ ಎರಿಥ್ರೊಪೊಯಿಟಿನ್ ಹಾರ್ಮೋನು ಈ ಮಕ್ಕಳಲ್ಲಿ ಇನ್ನೂ ಯಕೃತ್ತಿನಲ್ಲೇ ತಯಾರಾಗುತ್ತಿರುತ್ತದೆ. ಆಮ್ಲಜನಕ ಕಡಿಮೆಯಾದರೂ ಯಕೃತ್ತು ಮೂತ್ರಪಿಂಡದಷ್ಟು ಬೇಗ ಎಚ್ಚೆತ್ತುಕೊಳ್ಳುವುದಿಲ್ಲ. ಕಬ್ಬಿಣದ ಅಂಶ ತಾಯಿಯಿಂದ ಮಗುವಿಗೆ ಬರುವುದು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ, ಈ ಮಕ್ಕಳಿಗೆ ಆ ಮೂರು ತಿಂಗಳೇ ಸಿಕ್ಕಿಲ್ಲ. ಹೀಗಾಗಿ ನಾಲ್ಕರಿಂದ ಎಂಟು ವಾರದ ವಯಸ್ಸಿಗೆ ಎಚ್‌ಬಿ 7–8 ಗ್ರಾಂಗೆ ಇಳಿದು ಅಲ್ಲಿಂದ ತಾನಾಗಿ ಏರತೊಡಗುತ್ತದೆ. ಆ ಇಳಿತದಲ್ಲಿ ಯಾವ ಮಗುವಿಗೆ ರಕ್ತ ಬೇಕು, ಯಾವುದಕ್ಕೆ ಕಾಯಬಹುದು ಎನ್ನುವುದೇ ದಿನನಿತ್ಯದ ಪ್ರಶ್ನೆ.

ಒಂದು ಕಾಲಕ್ಕೆ ಮಗು ಬಿಳಿಚಿಕೊಂಡರೆ ಸಾಕು, ರಕ್ತ ಹಾಕುತ್ತಿದ್ದರು. ಈಗ ಹಿಡಿದುಕೊಳ್ಳಲು ಎರಡು ದೊಡ್ಡ ಅಧ್ಯಯನಗಳಿವೆ. ಎರಡೂ 2020ರಲ್ಲಿ ಪ್ರಕಟವಾದವು. ಅಮೆರಿಕದ ‘ಟಾಪ್’ನಲ್ಲಿ 1,824 ಮಕ್ಕಳು, ಯುರೋಪಿನ ‘ಎಟ್ನೊ’ದಲ್ಲಿ 1,013 ಮಕ್ಕಳು, ಎಲ್ಲರೂ ಒಂದು ಕೆಜಿ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ತೂಕದವರು. ಎಚ್‌ಬಿ ಸ್ವಲ್ಪ ಇಳಿದ ಕೂಡಲೇ ರಕ್ತ ಕೊಟ್ಟವರಿಗೂ, ಇನ್ನಷ್ಟು ಇಳಿಯಲು ಬಿಟ್ಟು ಕೊಟ್ಟವರಿಗೂ ಎರಡು ವರ್ಷದ ಹೊತ್ತಿಗೆ ಜೀವದಲ್ಲಾಗಲಿ ಬುದ್ಧಿ ಬೆಳವಣಿಗೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಟಾಪ್‌ನ ಕೆಳಗಿನ ಮಿತಿಯನ್ನೇ (ಎಚ್‌ಬಿ ಇದಕ್ಕಿಂತ ಇಳಿದರೆ ರಕ್ತ) ಗೋಡೆಗೆ ಅಂಟಿಸಿಟ್ಟುಕೊಂಡರೆ ನಡೆಯುತ್ತದೆ: ವೆಂಟಿಲೇಟರ್, ಸಿಪ್ಯಾಪ್ (ಮೂಗಿನಿಂದ ಒತ್ತಡದ ಗಾಳಿ ಕೊಡುವ ಯಂತ್ರ) ಅಥವಾ ಆಮ್ಲಜನಕದ ಮೇಲಿರುವ ಮಗುವಿಗೆ ಮೊದಲ ವಾರ 11, ಎರಡನೇ ವಾರ 10, ಮೂರನೇ ವಾರದಿಂದ 8.5. ತಾನೇ ಉಸಿರಾಡುತ್ತಿರುವ ಮಗುವಿಗೆ 10, 8.5, 7. ಇದು ಆರಾಮಾಗಿರುವ ಮಗುವಿನ ಮಿತಿ. ಬಿಪಿ ಬಿದ್ದ ಮಗು, ಸೋಂಕಿನಿಂದ ಕುಸಿದ ಮಗು, ಆಪರೇಷನ್‌ಗೆ ಹೋಗುವ ಮಗು, ರಕ್ತಸ್ರಾವ ಆಗುತ್ತಿರುವ ಮಗುವಿಗೆ ಪಟ್ಟಿ ನೋಡುತ್ತಾ ಕೂರಬಾರದು. ಇನ್ನೊಂದು ಮಾತು: ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಎಚ್‌ಬಿ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ, ಕಾಲು ತಣ್ಣಗಿದ್ದರೆ ಇನ್ನೂ ಹೆಚ್ಚು. ಮಿತಿಯ ಅಂಚಿನಲ್ಲಿರುವಾಗ ಸಿರೆಯಿಂದ ತೆಗೆದದ್ದನ್ನೇ ನಂಬಬೇಕು.

ನಿರ್ಧಾರ ಆಯಿತು ಎಂದುಕೊಳ್ಳೋಣ. ಇನ್ನು ತಾಯಿಯ ಟ್ಯೂಬ್, ಅಂದರೆ ತಾಯಿಯ ರಕ್ತದ ಸ್ಯಾಂಪಲ್. ಈ ಇಡೀ ಕೆಲಸದಲ್ಲಿ ಹೆಚ್ಚು ತಡವಾಗುವುದು ಇಲ್ಲೇ, ಅದರಲ್ಲೂ ನಮ್ಮ ಕಡೆ. ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ನಾಗಮಂಗಲ, ಕೆ.ಆರ್. ಪೇಟೆ, ಮಳವಳ್ಳಿ, ಎಚ್.ಡಿ. ಕೋಟೆ ಕಡೆಯಿಂದ ಮಕ್ಕಳು 108ರಲ್ಲಿ ಬರುತ್ತವೆ. ಸಿಸೇರಿಯನ್ ಆದ ತಾಯಿ ಅಲ್ಲೇ ಉಳಿದಿರುತ್ತಾಳೆ. ಮಗುವಿನ ಜೊತೆ ಬಂದ ಅಜ್ಜಿಯ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ, ಅದರಲ್ಲಿ ರಕ್ತದ ಗುಂಪೂ ಬರೆದಿರುತ್ತದೆ. ಆದರೆ ಕಾರ್ಡಿನಲ್ಲಿ ಬರೆದ ಗುಂಪಿನ ಮೇಲೆ ಯಾವ ರಕ್ತನಿಧಿಯೂ ಬ್ಯಾಗ್ ಕೊಡುವುದಿಲ್ಲ, ಕೊಡಲೂಬಾರದು. ಬೇಕಾಗಿರುವುದು ತಾಯಿಯ ರಕ್ತವೇ.

ಕಾರಣ ಇಷ್ಟು. ಹುಟ್ಟಿದ ಮಗು ಹೊರಗಿನ ಕೆಂಪು ಕಣದ ವಿರುದ್ಧ ತನ್ನದೇ ಪ್ರತಿಕಾಯಗಳನ್ನು ಮಾಡಲು ಕಲಿಯುವುದು ಹೆಚ್ಚುಕಡಿಮೆ ನಾಲ್ಕು ತಿಂಗಳ ನಂತರ. ಅದುವರೆಗೆ ಅದರ ರಕ್ತದಲ್ಲಿರುವ ಐಜಿಜಿ ಎಂಬ ಬಗೆಯ ಪ್ರತಿಕಾಯಗಳು ಬಹುಪಾಲು ಮಾಸಿನ ಮೂಲಕ ತಾಯಿಯಿಂದ ಬಂದವು. ಹೊರಗಿನ ಕೆಂಪು ಕಣವನ್ನು ಒಡೆಯುವುದಿದ್ದರೆ ಅವೇ ಒಡೆಯಬೇಕು. ಅವು ತಾಯಿಯಲ್ಲಿ ದಂಡಿಯಾಗಿರುತ್ತವೆ, ಮಗುವಿನ ಒಂದು ಎಂಎಲ್‌ನಲ್ಲಿ ಹುಡುಕುವುದು ಕಷ್ಟ. ಹಾಗಾಗಿ ಕ್ರಾಸ್ ಮ್ಯಾಚ್, ಅಂದರೆ ಬ್ಯಾಗಿನ ಕಣ ಹೊಂದುತ್ತದೆಯೇ ಎಂದು ಬೆರೆಸಿ ನೋಡುವುದು, ತಾಯಿಯ ಸೀರಂ (ಕಣ ತೆಗೆದ ರಕ್ತದ ತಿಳಿ) ಜೊತೆ. ಇದರಿಂದ ಮಗುವಿನ ರಕ್ತವೂ ಉಳಿಯುತ್ತದೆ. ಮಗುವನ್ನು ಕಳಿಸುವ ತಾಲೂಕು ಆಸ್ಪತ್ರೆಯವರು ತಾಯಿಯಿಂದ ನೇರಳೆ ಮುಚ್ಚಳದ ಟ್ಯೂಬಿನಲ್ಲಿ 3 ಎಂಎಲ್, ಕೆಂಪು ಮುಚ್ಚಳದ್ದರಲ್ಲಿ 5 ಎಂಎಲ್ ತೆಗೆದು, ಹಾಸಿಗೆ ಪಕ್ಕದಲ್ಲೇ ಹೆಸರು, ಆಸ್ಪತ್ರೆ ನಂಬರು, ತಾರೀಖು, ಸಮಯ ಬರೆದು, ಮಗುವಿನ ಜೊತೆಗೇ ಕೊಟ್ಟರೆ ನಮಗೆ ಅರ್ಧ ದಿನ ಉಳಿಯುತ್ತದೆ. ಇಲ್ಲವಾದರೆ ಮಗುವಿನ ಅಪ್ಪ ವಾಪಸ್ ಬಸ್ ಹತ್ತಬೇಕು. ತಾಯಿಯ ಸ್ಯಾಂಪಲ್ ಸಿಗುವುದೇ ಇಲ್ಲ ಎಂದಾಗ ಮಗುವಿನದೇ ಸೀರಂ ಜೊತೆ ಓ ಗುಂಪಿನ ಕಣ ಹೊಂದಿಸಿ ನೋಡುವ ದಾರಿ ಇದೆ.

ಮಗುವಿನ ಗುಂಪು ನೋಡುವಾಗ ಕಣದ ಪರೀಕ್ಷೆ ಮಾತ್ರ. ದೊಡ್ಡವರಲ್ಲಿ ಮಾಡುವ ಸೀರಂ ಪರೀಕ್ಷೆಗೆ ಇಲ್ಲಿ ಅರ್ಥವಿಲ್ಲ, ಅಲ್ಲಿ ಸಿಗುವುದು ತಾಯಿಯ ಪ್ರತಿಕಾಯ. ಎ ಮತ್ತು ಬಿ ಗುರುತುಗಳೂ ಎಳೆಯ ಕಣದ ಮೇಲೆ ಇನ್ನೂ ಪೂರ್ತಿ ಮೂಡಿರುವುದಿಲ್ಲ, ಪರೀಕ್ಷೆಯಲ್ಲಿ ಕಣಗಳು ಒಂದಕ್ಕೊಂದು ಅಂಟಿ ಬೀಳಬೇಕಾದ ಗಂಟು ದುರ್ಬಲವಾಗಿ ಬೀಳುತ್ತದೆ. ಅವಸರದಲ್ಲಿ ಓದಿದರೆ ಎ ಗುಂಪಿನ ಮಗು ಓ ಅನ್ನಿಸಿಕೊಳ್ಳಬಹುದು. ಹೊಕ್ಕುಳಬಳ್ಳಿಯ ರಕ್ತವಾದರೆ ಅದರ ಅಂಟು ಲೋಳೆ ಸೇರಿಕೊಂಡು ಸುಳ್ಳು ಗಂಟು ಬೀಳುತ್ತದೆ, ಸಲೈನ್‌ನಲ್ಲಿ ಹಲವು ಸಲ ತೊಳೆದು ನೋಡಬೇಕು. ಜೊತೆಗೆ ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಕಡ್ಡಾಯ. ಅದು ಪಾಸಿಟಿವ್ ಬಂದರೆ ತಾಯಿಯ ಪ್ರತಿಕಾಯ ಈಗಾಗಲೇ ಮಗುವಿನ ಕಣದ ಮೇಲೆ ಕೂತಿದೆ ಎಂದರ್ಥ.

ಬ್ಯಾಗ್ ಆರಿಸುವಾಗ ತಾಯಿಗೂ ಮಗುವಿಗೂ ಇಬ್ಬರಿಗೂ ಆಗುವಂಥದ್ದು ಬೇಕು. ತಾಯಿ ಓ, ಮಗು ಎ ಆಗಿದ್ದರೆ ಎ ಬ್ಯಾಗ್ ಬೇಡ, ಓ ಗುಂಪಿನ ಕೆಂಪು ಕಣ. ತಾಯಿ ಆರ್‌ಎಚ್ ನೆಗೆಟಿವ್ ಆಗಿ ಅವಳಲ್ಲಿ ಡಿ ಎಂಬ ಆರ್‌ಎಚ್ ಗುರುತಿನ ವಿರುದ್ಧ ಪ್ರತಿಕಾಯ ಇದ್ದರೆ ಮಗು ಪಾಸಿಟಿವ್ ಇದ್ದರೂ ನೆಗೆಟಿವ್ ಕಣವೇ. ಇನ್ನು, ಅಪರೂಪವಾದರೂ ನಮ್ಮ ಕಡೆ ಮರೆಯಬಾರದ ಒಂದು ಸಂಗತಿ ಇದೆ. 1952ರಲ್ಲಿ ಮುಂಬೈಯಲ್ಲಿ ಮೊದಲು ಪತ್ತೆಯಾದ ಬಾಂಬೆ ಗುಂಪು. ಕಣದ ಪರೀಕ್ಷೆಯಲ್ಲಿ ಅದು ಓ ಎಂದೇ ಕಾಣುತ್ತದೆ. ತಾಯಿ ಬಾಂಬೆ ಗುಂಪಿನವಳಾದರೆ ಅವಳ ಸೀರಂಗೆ ಒಂದೇ ಒಂದು ಓ ಬ್ಯಾಗೂ ಹೊಂದುವುದಿಲ್ಲ. ಇಟ್ಟ ಬ್ಯಾಗೆಲ್ಲ ಗಂಟು ಬೀಳುತ್ತಿದ್ದರೆ ‘ಸ್ಯಾಂಪಲ್ ಸರಿಯಿಲ್ಲ’ ಎಂದು ತಳ್ಳಿಹಾಕದೆ ಇದನ್ನು ನೆನೆಯಬೇಕು. ಅಪ್ಪ ಅಮ್ಮ ಇಬ್ಬರಿಂದಲೂ ಬಂದರಷ್ಟೇ ಕಾಣಿಸುವ ಗುಣ ಇದು, ಸೋದರಮಾವನಿಗೆ, ಸೋದರತ್ತೆ ಮಗನಿಗೆ ಕೊಟ್ಟು ತರುವ ಮನೆಗಳಲ್ಲಿ ಸಾಧ್ಯತೆ ಹೆಚ್ಚು.

ಹೆಸರು ಬರೆಯುವ ವಿಚಾರಕ್ಕೆ ಬರೋಣ. ಮಗುವಿಗೆ ಹೆಸರಿರುವುದಿಲ್ಲ. ‘ಬೇಬಿ ಆಫ್’ ಎಂದು ತಾಯಿಯ ಹೆಸರು ಬರೆಯುತ್ತೇವೆ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಿಯರು, ಮೂವರು ಸೌಮ್ಯಾರು ಇರುವುದು ಮಾಮೂಲು. ಅವಳಿಗಳಿದ್ದರೆ ಇನ್ನೂ ಕಷ್ಟ. ಅವಳಿಗಳ ಗುಂಪು ಬೇರೆ ಬೇರೆ ಇರಬಹುದು, ತೂಕ ಬೇರೆ, ತಾಯಿ ಒಬ್ಬಳೇ, ಬ್ಯಾಂಡಿನ ಮೇಲಿರುವ ಹೆಸರು ಒಂದೇ. ಬದಲಾಗುವುದು ಕೊನೆಯ ‘ಒಂದು’, ‘ಎರಡು’ ಅಷ್ಟೇ, ಅದೂ ಬ್ಯಾಂಡ್ ಕಾಲಿನ ಸುತ್ತ ಸುತ್ತಿಕೊಂಡಾಗ ಹಿಂಬದಿಗೆ ಹೋಗಿರುತ್ತದೆ. ಆದ್ದರಿಂದ ಹೆಸರಿಗಿಂತ ಆಸ್ಪತ್ರೆ ನಂಬರೇ ಗಟ್ಟಿ. ತಾಯಿಯ ಟ್ಯೂಬಿನ ಮೇಲೆ ತಾಯಿಯ ನಂಬರು, ಮಗುವಿನ ಟ್ಯೂಬಿನ ಮೇಲೆ ಮಗುವಿನ ನಂಬರು, ರಿಕ್ವೆಸ್ಟ್ ಫಾರಂನಲ್ಲಿ ಎರಡೂ. ರಕ್ತ ತೆಗೆದವರೇ, ತೆಗೆದ ಜಾಗದಲ್ಲೇ, ತೆಗೆದ ಮೇಲೆ ಬರೆಯಬೇಕು. ಖಾಲಿ ಟ್ಯೂಬಿಗೆ ಮೊದಲೇ ಚೀಟಿ ಅಂಟಿಸಿಟ್ಟುಕೊಳ್ಳುವ ಅಭ್ಯಾಸದಿಂದಲೇ ತಪ್ಪು ರಕ್ತ ತಪ್ಪು ಮಗುವಿಗೆ ಹೋಗುವ ದಾರಿ ತೆರೆಯುತ್ತದೆ.

ಇಷ್ಟರಲ್ಲಿ ಹೊರಗೆ ಕೂತ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ.

“ಸಿಸ್ಟರಮ್ಮ, ಯಾರ್‍ದೋ ರಕ್ತ ಯಾಕ್ ಹಾಕ್ತೀರಿ? ಅವ್ರಪ್ಪನ್ದೇ ತಕ್ಕಳಿ, ಗಟ್ಟಿಮುಟ್ಟಾಗವ್ನೆ.”

“ಅವ್ರಪ್ಪ ಕೊಡ್ಲಿ ಅಜ್ಜಿ, ಬೇಡ ಅನ್ನಲ್ಲ. ಆದ್ರೆ ಅದು ಬೇರೆಯೋರ್ಗೆ ಹೋಗ್ಲಿ. ಈ ಕೂಸಿಗೆ ಬೇಡ.”

ಇದನ್ನು ನಿಧಾನವಾಗಿ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಕೇಳುವವರದು ಪ್ರೀತಿಯಿಂದ ಬಂದ ಮಾತು. ಅಪ್ಪನ ರಕ್ತದಲ್ಲಿರುವ ಬಿಳಿ ಕಣಗಳಿಗೂ ಮಗುವಿನ ಮೈಗೂ ಅರ್ಧ ಹೊಂದಾಣಿಕೆ ಇರುತ್ತದೆ. ಹಾಗಾಗಿ ಮಗುವಿನ ಮೈ ಅವನ್ನು ಹೊರಗಿನವು ಎಂದು ಗುರುತಿಸದೆ ಬಿಟ್ಟುಬಿಡುವ ಅಪಾಯವಿದೆ. ಒಳಗೆ ಉಳಿದ ಆ ಕಣಗಳು ಬೆಳೆದು ಮಗುವಿನ ಚರ್ಮ, ಕರುಳು, ಯಕೃತ್ತು, ಕೊನೆಗೆ ಮಜ್ಜೆಯ ಮೇಲೆಯೇ ತಿರುಗಿ ಬೀಳುತ್ತವೆ. ಅಪರೂಪದ ತೊಂದರೆ, ಆದರೆ ಬಂದರೆ ಉಳಿಯುವವರು ತೀರಾ ಕಡಿಮೆ. ಒಳಸಂಬಂಧದ ಮದುವೆಯಾದ ಮನೆಗಳಲ್ಲಿ ಹೊಂದಾಣಿಕೆ ಇನ್ನೂ ಹೆಚ್ಚು, ಅಪಾಯವೂ ಹೆಚ್ಚು. ಬಿಳಿ ಕಣ ಸೋಸುವ ಫಿಲ್ಟರ್ ಇದಕ್ಕೆ ಸಾಲದು. ಬ್ಯಾಗಿಗೆ 25 ಗ್ರೇ ಅಳತೆಯ ವಿಕಿರಣ ಕೊಡಿಸಿದರಷ್ಟೇ ಆ ಕಣಗಳು ಬೆಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಇನ್ನೊಂದು ಕಾರಣವೂ ಇದೆ. ಬಸುರಿನಲ್ಲಿ ಮಗುವಿನ ಮೂಲಕ ಅಪ್ಪನ ಗುರುತುಗಳು ತಾಯಿಗೆ ಪರಿಚಯವಾಗಿ, ಅವುಗಳ ವಿರುದ್ಧ ಅವಳು ಮಾಡಿದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿರಬಹುದು. ಅಪ್ಪನ ಕಣ ಒಳಗೆ ಹೋದರೆ ಅವುಗಳಿಗೆ ನೇರ ಗುರಿ ಸಿಕ್ಕಿದ ಹಾಗೆ. ಬಾಣಂತಿಯಿಂದಂತೂ ತೆಗೆಯುವಂತಿಲ್ಲ.

ಅಪ್ಪ, ಚಿಕ್ಕಪ್ಪಂದಿರು ಕೊಟ್ಟ ರಕ್ತ ರಕ್ತನಿಧಿಯ ಸಾಮಾನ್ಯ ದಾಸ್ತಾನಿಗೆ ಹೋಗಲಿ, ಆದರೆ ಅದು ಮಗುವಿಗೆ ಬ್ಯಾಗ್ ಕೊಡಲು ಷರತ್ತಾಗಬಾರದು. ದುಡ್ಡಿಗೆ ರಕ್ತ ಕೊಡುವುದು ಸುಪ್ರೀಂ ಕೋರ್ಟಿನ 1996ರ ತೀರ್ಪಿನ ನಂತರ, 1998ರ ಜನವರಿ 1ರಿಂದ ನಿಂತುಹೋಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಾದ ನವಜಾತ ಶಿಶುವಿಗೆ 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ರಕ್ತ ಉಚಿತ. ಇದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಬೇಕು, ಎಷ್ಟೋ ಜನ ಒಡವೆ ಅಡ ಇಡುವ ಯೋಚನೆಯಲ್ಲೇ ಕೂತಿರುತ್ತಾರೆ.

ಬ್ಯಾಗಿನ ವಯಸ್ಸಿನ ಬಗ್ಗೆ ವಾರ್ಡಿಗೂ ರಕ್ತನಿಧಿಗೂ ಆಗಾಗ ಜಗ್ಗಾಟ ನಡೆಯುತ್ತದೆ. ‘ತಾಜಾ ರಕ್ತವೇ ಬೇಕು’ ಎಂದು ಫಾರಂನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸುವವರಿದ್ದಾರೆ. ಹಳೆಯ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿರುತ್ತದೆ ಎಂಬ ಭಯ. ಲೆಕ್ಕ ಮಾಡಿದರೆ ಭಯ ಕರಗುತ್ತದೆ. 42 ದಿನದ ಬ್ಯಾಗಿನ ದ್ರವದಲ್ಲಿ ಲೀಟರಿಗೆ 50 ಮಿಲಿಇಕ್ವಿವಲೆಂಟ್ ಪೊಟ್ಯಾಸಿಯಂ ಇದೆ ಎಂದೇ ಇಟ್ಟುಕೊಳ್ಳಿ. ಕೆಜಿಗೆ 15 ಎಂಎಲ್ ಕಣ ಕೊಟ್ಟರೆ ಅದರಲ್ಲಿ ಕಣ ಬಿಟ್ಟು ಉಳಿದ ದ್ರವ 6 ಎಂಎಲ್. ಅಂದರೆ ಮಗುವಿಗೆ ಹೋಗುವುದು ಕೆಜಿಗೆ 0.3, ಅದೂ ಮೂರು ನಾಲ್ಕು ಗಂಟೆಯಲ್ಲಿ. ಮಗುವಿಗೆ ದಿನಕ್ಕೆ ಬೇಕಾದದ್ದೇ ಕೆಜಿಗೆ 2ರಿಂದ 3. ಒಂದು ವಾರದೊಳಗಿನ ರಕ್ತವನ್ನೂ ಮಾಮೂಲು ರಕ್ತವನ್ನೂ ಹೋಲಿಸಿದ ಕೆನಡಾದ ಅಧ್ಯಯನ 2012ರಲ್ಲಿ ಬಂತು, ತಾಜಾ ರಕ್ತದಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ತಾಜಾಗಿಂತ ಮುಖ್ಯವಾದದ್ದು ಒಬ್ಬನೇ ದಾನಿ. ಈ ಮಕ್ಕಳಿಗೆ ಎರಡು ಮೂರು ಸಲ ರಕ್ತ ಬೇಕಾಗಬಹುದು. ಪ್ರತಿ ಸಲ ಹೊಸ ಬ್ಯಾಗ್ ಚುಚ್ಚಿ 15 ಎಂಎಲ್ ತೆಗೆದುಕೊಂಡು ಉಳಿದದ್ದನ್ನು ಚೆಲ್ಲಿದರೆ ಮಗುವಿಗೆ ಮೂವರು ದಾನಿಗಳ ಸಂಪರ್ಕ, ಮೂರು ಬ್ಯಾಗ್ ನಷ್ಟ. ಒಂದೇ ಬ್ಯಾಗಿನ ರಕ್ತವನ್ನು ಅದಕ್ಕೆ ಮುಚ್ಚಿದ ನಳಿಗೆಯಲ್ಲೇ ಜೋಡಿಸಿದ ನಾಲ್ಕು ಪುಟ್ಟ ಬ್ಯಾಗುಗಳಿಗೆ ಹಂಚಿಟ್ಟುಕೊಂಡರೆ, ಅಥವಾ ಗಾಳಿ ಸೋಕದಂತೆ ನಳಿಗೆ ಬೆಸೆಯುವ ಸ್ಟೆರೈಲ್ ಡಾಕಿಂಗ್ ಯಂತ್ರದಿಂದ ಬೇಕಾದಾಗ ಬೇಕಾದಷ್ಟು ಬೇರ್ಪಡಿಸಿಕೊಂಡರೆ, ಆ ಬ್ಯಾಗಿನ ಅವಧಿ ಮುಗಿಯುವವರೆಗೂ ಅದೇ ಮಗುವಿಗೆ ಅದೇ ದಾನಿಯ ಕಣ ಕೊಡಬಹುದು. ಸಿಪಿಡಿಎ ಎಂಬ ಸಂರಕ್ಷಕ ದ್ರವದ ಬ್ಯಾಗಿಗೆ ಆ ಅವಧಿ 35 ದಿನ, ಸ್ಯಾಗ್‌ಎಂ ಎಂಬ ಇನ್ನೊಂದು ದ್ರವ ಸೇರಿಸಿದ್ದಕ್ಕೆ 42. ತಾಜಾ ಬ್ಯಾಗಿಗಾಗಿ ಹಟ ಹಿಡಿಯುವ ಶಕ್ತಿಯನ್ನು ಈ ಪುಟ್ಟ ಬ್ಯಾಗಿಗೆ ಬಳಸಿದರೆ ಮಗುವಿಗೆ ಹೆಚ್ಚು ಉಪಕಾರ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ವಿಕಿರಣ ಕೊಟ್ಟ ಬ್ಯಾಗಿನ ಮಾತು ಬೇರೆ. ವಿಕಿರಣದ ನಂತರ ಪೊಟ್ಯಾಸಿಯಂ ಬೇಗ ಸೋರುತ್ತದೆ, ಅದನ್ನು ಇಟ್ಟುಕೊಂಡು ಕೂರದೆ 24 ಗಂಟೆಯೊಳಗೆ ಬಳಸುವುದು ಒಳ್ಳೆಯದು.

ಈಗ ಹಾಸಿಗೆ ಪಕ್ಕ. 1,100 ಗ್ರಾಂ ಮಗು ಎಂದಿಟ್ಟುಕೊಳ್ಳಿ. ಕೆಜಿಗೆ 15 ಎಂಎಲ್ ಎಂದರೆ 16.5 ಎಂಎಲ್. ನಳಿಗೆಯಲ್ಲೇ 2 ಎಂಎಲ್ ಹಿಡಿಯುತ್ತದೆ, ಹಾಗಾಗಿ ಸಿರಿಂಜಿಗೆ 18.5 ಎಳೆಯಬೇಕು. ಈ 2 ಎಂಎಲ್ ಮರೆತರೆ ಮಗುವಿಗೆ ಎಂಟರಲ್ಲಿ ಒಂದು ಪಾಲು ಕಡಿಮೆ ಹೋಗುತ್ತದೆ. ಕೊನೆಯಲ್ಲಿ ನಳಿಗೆಯಲ್ಲಿ ಉಳಿದದ್ದನ್ನು ಸಲೈನ್‌ನಿಂದ ಒಮ್ಮೆಲೇ ತಳ್ಳಿದರೆ ಇನ್ನೊಂದು ತಪ್ಪು, 2 ಎಂಎಲ್ ರಕ್ತ ಒಂದೇ ಏಟಿಗೆ ಒಳಗೆ ಹೋಗುತ್ತದೆ. ಬ್ಯಾಗಿನಿಂದ ಸಿರಿಂಜಿಗೆ ಎಳೆಯುವಾಗ 170ರಿಂದ 200 ಮೈಕ್ರಾನ್ ಫಿಲ್ಟರ್ ಮೂಲಕವೇ ಎಳೆಯಬೇಕು. ಒಮ್ಮೆ ಸೋಸಿದ್ದಕ್ಕೆ ಹಾಸಿಗೆ ಪಕ್ಕ ಮತ್ತೆ ಫಿಲ್ಟರ್ ಬೇಡ. ಸಿರಿಂಜ್ ಬಂದ ಕೂಡಲೇ ಅದಕ್ಕೆ ಮಗುವಿನ ನಂಬರು, ಬ್ಯಾಗ್ ನಂಬರು, ಗುಂಪು, ಎಳೆದ ಸಮಯದ ಚೀಟಿ ಬೀಳಬೇಕು. ಚೀಟಿ ಇಲ್ಲದ ಕೆಂಪು ಸಿರಿಂಜ್ ಟ್ರೇನಲ್ಲಿ ಕಂಡರೆ ಅದನ್ನು ಎಸೆಯುವುದೊಂದೇ ದಾರಿ.

ಪಂಪಿನ ವೇಗ ಗಂಟೆಗೆ ಕೆಜಿಗೆ 5 ಎಂಎಲ್, ಅಂದರೆ ಈ ಮಗುವಿಗೆ 5.5, ಮೂರು ಗಂಟೆ. ರಕ್ತನಿಧಿಯ ಫ್ರಿಜ್ಜಿನಿಂದ ಹೊರಬಂದ ನಾಲ್ಕು ಗಂಟೆಯೊಳಗೆ ಮುಗಿಯಲೇಬೇಕು. ನಾಲ್ಕು ಗಂಟೆ ಎಣಿಸುವುದು ಪಂಪ್ ಒತ್ತಿದಾಗಿನಿಂದ ಅಲ್ಲ ಎಂಬುದು ಹೊಸದಾಗಿ ಬಂದವರಿಗೆ ಪ್ರತಿ ಸಲವೂ ಹೇಳಬೇಕಾದ ಮಾತು. ಬ್ಯಾಗ್ ತಂದು, ಕ್ಯಾನುಲಾ ಹಾಕಲು ಸಿರೆ ಹುಡುಕುತ್ತಾ ಒಂದು ಗಂಟೆ ಕಳೆದರೆ ಉಳಿಯುವುದು ಮೂರೇ. ಸಿರೆ ಮೊದಲು, ಬ್ಯಾಗ್ ಆಮೇಲೆ. ವಾರ್ಡಿನ ಔಷಧಿ ಫ್ರಿಜ್ಜಿನಲ್ಲಿ ಬ್ಯಾಗ್ ಇಟ್ಟುಕೊಂಡು ಕಾಯುವಂತಿಲ್ಲ, ಅದರಲ್ಲಿ 2ರಿಂದ 6 ಡಿಗ್ರಿ ಕಾಯ್ದುಕೊಳ್ಳುವ ಖಾತ್ರಿ ಇಲ್ಲ.

24 ಗೇಜಿನ ಕ್ಯಾನುಲಾದಲ್ಲಿ ಈ ವೇಗಕ್ಕೆ ಕಣ ಚೆನ್ನಾಗಿ ಹೋಗುತ್ತದೆ. ಸಿರೆಯೊಳಗೆ ಹೃದಯದ ಹತ್ತಿರದವರೆಗೆ ಹೋಗುವ, ಕೂದಲೆಳೆಯಂಥ ಪಿಕ್ ಲೈನ್ ಇದೆಯಲ್ಲ ಎಂದು ಅದರಲ್ಲಿ ಹಾಕಿದರೆ ಕಟ್ಟಿಕೊಳ್ಳುತ್ತದೆ, ಕಷ್ಟಪಟ್ಟು ಹಾಕಿದ ಲೈನೂ ಹೋಗುತ್ತದೆ. ರಕ್ತದ ಜೊತೆಗೆ ಸಲೈನ್ ಬಿಟ್ಟು ಬೇರೇನೂ ಒಂದೇ ನಳಿಗೆಯಲ್ಲಿ ಹೋಗಬಾರದು. ಡೆಕ್ಸ್‌ಟ್ರೋಸ್ ಸೇರಿದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಒಡೆಯುತ್ತವೆ, ಕ್ಯಾಲ್ಸಿಯಂ ಸೇರಿದರೆ ನಳಿಗೆಯಲ್ಲೇ ಹೆಪ್ಪುಗಟ್ಟುತ್ತದೆ. ಇಲ್ಲೇ ಇನ್ನೊಂದು ಗುಂಡಿ ಇದೆ. ಮಗುವಿಗಿರುವುದು ಒಂದೇ ಸಿರೆ ಎಂದು ಡೆಕ್ಸ್‌ಟ್ರೋಸ್ ನಿಲ್ಲಿಸಿ ಮೂರು ಗಂಟೆ ರಕ್ತ ಹಾಕಿದರೆ ಸಕ್ಕರೆ ಬೀಳುತ್ತದೆ. ಒಂದು ಕೆಜಿ ಮಗುವಿಗೆ ಸಕ್ಕರೆಯ ಉಳಿತಾಯ ಇರುವುದಿಲ್ಲ. ಆದ್ದರಿಂದ ಎರಡನೇ ಸಿರೆ ಹಾಕಿಯೇ ಶುರು ಮಾಡಬೇಕು. ಆಗದಿದ್ದರೆ ಪ್ರತಿ ಗಂಟೆ ಸಕ್ಕರೆ ನೋಡಬೇಕು, ಮುಗಿದ ಮೇಲೂ ಒಮ್ಮೆ.

ಬೆಚ್ಚಗೆ ಮಾಡುವ ವಿಚಾರದಲ್ಲಿ ಅತಿಯಾಸೆ ಬೇಡ. ಇಷ್ಟು ನಿಧಾನ ಹೋಗುವ ರಕ್ತ ನಳಿಗೆಯಲ್ಲೇ ಕೋಣೆಯ ಬಿಸಿಗೆ ಬರುತ್ತದೆ. ಸಿರಿಂಜನ್ನು ವಾರ್ಮರ್ ಕೆಳಗಿಡುವುದು, ಬಿಸಿನೀರಿನ ಬೋಗುಣಿಯಲ್ಲಿ ಅದ್ದುವುದು ಬೇಡವೇ ಬೇಡ. 42 ಡಿಗ್ರಿ ದಾಟಿದರೆ ಕಣ ಒಡೆಯುತ್ತದೆ. ನಳಿಗೆ ಫೋಟೋಥೆರಪಿ ಬೆಳಕಿನಡಿ ಸುರುಳಿ ಸುತ್ತಿಕೊಂಡು ಬಿದ್ದಿದ್ದರೂ ಅದೇ ಗತಿ. ನಳಿಗೆಯನ್ನು ಬೆಳಕಿನ ಹೊರಗೆ ಒಯ್ಯಿರಿ, ಆಗದಿದ್ದರೆ ಫಾಯಿಲ್ ಸುತ್ತಿ.

ಶುರು ಮಾಡುವ ಮುನ್ನ, 15 ನಿಮಿಷಕ್ಕೆ, ಅರ್ಧ ಗಂಟೆಗೆ, ಆಮೇಲೆ ಗಂಟೆಗೊಮ್ಮೆ ಹೃದಯ ಬಡಿತ, ಉಸಿರು, ಜ್ವರ, ಬಿಪಿ, ಸ್ಯಾಚುರೇಷನ್ (ರಕ್ತದ ಆಮ್ಲಜನಕದ ಶೇಕಡಾ ಮಟ್ಟ) ಬರೆಯುತ್ತೇವೆ. ದೊಡ್ಡವರ ಹಾಗೆ ಚಳಿ, ನಡುಕ, ಸೊಂಟನೋವು ಎಂದು ಈ ಮಗು ಹೇಳುವುದಿಲ್ಲ. ಬಡಿತ ಇದ್ದಕ್ಕಿದ್ದಂತೆ 20–30 ಏರುವುದು, ಉಸಿರು ನಿಲ್ಲಿಸುವುದು, ಬಣ್ಣ ಬೂದಿಯಾಗುವುದು, ಡೈಪರಿನಲ್ಲಿ ಮೂತ್ರ ಕೋಲಾ ಬಣ್ಣಕ್ಕೆ ತಿರುಗುವುದು, ಇಷ್ಟೇ ಅದರ ಭಾಷೆ. ಕಂಡರೆ ಮೊದಲು ಪಂಪ್ ನಿಲ್ಲಿಸಿ, ಆಮೇಲೆ ಫೋನ್ ಮಾಡಿ. ಕ್ಯಾನುಲಾ ತೆಗೆಯಬೇಡಿ, ಸಿರೆ ಬೇಕಾಗುತ್ತದೆ. ಬ್ಯಾಗ್, ಸಿರಿಂಜ್, ನಳಿಗೆ ಸಮೇತ ರಕ್ತನಿಧಿಗೆ ವಾಪಸ್ ಹೋಗಬೇಕು. ನಿಜ ಹೇಳಬೇಕೆಂದರೆ ಇಂಥ ಪ್ರತಿಕ್ರಿಯೆಗಿಂತ ನಾವು ಹೆಚ್ಚು ಕಾಣುವುದು ರಕ್ತ ಸಿರೆಯ ಹೊರಗೆ ಸೋರಿ ಕೈ ಊದಿಕೊಳ್ಳುವುದನ್ನು. ಪಂಪ್ ಒತ್ತುತ್ತಲೇ ಇರುತ್ತದೆ, ಒತ್ತಡದ ಅಲಾರಂ ತಡವಾಗಿ ಕೂಗುತ್ತದೆ. ಪ್ಲಾಸ್ಟರ್ ಪಾರದರ್ಶಕವಾಗಿರಲಿ, ಬೆರಳು ಕಾಣುವಂತಿರಲಿ.

ರಕ್ತದ ಮಧ್ಯೆ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಕೊಡುವ ವಾಡಿಕೆ ಹಲವು ಕಡೆ ಇನ್ನೂ ಇದೆ. ಶ್ವಾಸಕೋಶದಲ್ಲಿ ನೀರು ನಿಂತ ಮಗುವಿಗೆ ಇರಲಿ, ಎಲ್ಲರಿಗೂ ಕೊಡುವುದಕ್ಕೆ ಆಧಾರ ಇಲ್ಲ. ಹಾಲು ನಿಲ್ಲಿಸುವ ಬಗ್ಗೆ ಒಮ್ಮತ ಇಲ್ಲ. ರಕ್ತ ಹಾಕಿದ ಎರಡು ದಿನದೊಳಗೆ ಕರುಳು ಊದಿ ಕೊಳೆಯುವ ನೆಕ್ ಕಾಯಿಲೆ ಕಾಣಿಸಿಕೊಂಡ ಮಕ್ಕಳಿದ್ದಾರೆ, ಆದರೆ ಅದಕ್ಕೆ ರಕ್ತ ಕಾರಣವೋ, ಅದಕ್ಕೂ ಮುಂಚಿನ ತೀವ್ರ ರಕ್ತಹೀನತೆ ಕಾರಣವೋ ತೀರ್ಮಾನವಾಗಿಲ್ಲ. ಹಲವು ಘಟಕಗಳು ಆ ಮೂರು ನಾಲ್ಕು ಗಂಟೆ ಹಾಲು ತಡೆಹಿಡಿಯುತ್ತವೆ. ನಮ್ಮ ಮಟ್ಟಿಗೆ ಎಚ್‌ಬಿ ತೀರಾ ತಳ ಮುಟ್ಟುವವರೆಗೆ ಬಿಡದಿರುವುದು, ಹೊಟ್ಟೆಯ ಸುತ್ತಳತೆ ನೋಡುತ್ತಿರುವುದು ಅದಕ್ಕಿಂತ ಮುಖ್ಯ.

ಪ್ಲೇಟ್‌ಲೆಟ್ ಬಗ್ಗೆ ಒಂದೇ ಮಾತು. 50,000ಕ್ಕಿಂತ ಕಡಿಮೆ ಬಂದ ಕೂಡಲೇ ಹಾಕುವ ಅಭ್ಯಾಸ ಬಿಡಬೇಕು. 2019ರ ‘ಪ್ಲಾನೆಟ್–2’ ಅಧ್ಯಯನದ 660 ಮಕ್ಕಳಲ್ಲಿ, 50,000ಕ್ಕೆ ಹಾಕಿಸಿಕೊಂಡವರಲ್ಲಿ ಸಾವು ಮತ್ತು ದೊಡ್ಡ ರಕ್ತಸ್ರಾವ 25,000ದವರೆಗೆ ಕಾದವರಿಗಿಂತ ಹೆಚ್ಚಿತ್ತು. ರಕ್ತಸ್ರಾವ ಇಲ್ಲದ ಮಗುವಿಗೆ 25,000 ಸಾಕು. ಪ್ಲೇಟ್‌ಲೆಟ್ ಬ್ಯಾಗನ್ನು ಫ್ರಿಜ್ಜಿನಲ್ಲಿಡಬಾರದು, ಬಂದ ಕೂಡಲೇ ಅರ್ಧದಿಂದ ಒಂದು ಗಂಟೆಯಲ್ಲಿ ಹಾಕಬೇಕು.

ಕಾಮಾಲೆ ಮಿತಿಮೀರಿದಾಗ ಮಾಡುವ ರಕ್ತ ಬದಲಾವಣೆ ಬೇರೆಯದೇ ಕೆಲಸ. ಫೋಟೋಥೆರಪಿಯೂ ಆರ್‌ಎಚ್ ನೆಗೆಟಿವ್ ತಾಯಿಗೆ ಕೊಡುವ ಆಂಟಿ–ಡಿ ಇಂಜೆಕ್ಷನ್ನೂ ಬಂದ ಮೇಲೆ ಅಪರೂಪವಾಗಿದೆ. ಅಪರೂಪವಾದ್ದರಿಂದಲೇ ಕೈ ಮರೆಯುತ್ತದೆ. 3 ಕೆಜಿ ಮಗುವಿಗೆ ಮೈಯಲ್ಲಿರುವ ರಕ್ತದ ಎರಡು ಪಟ್ಟು, ಅಂದರೆ ಕೆಜಿಗೆ 160ರಂತೆ 480 ಎಂಎಲ್. ತಾಯಿಯ ಪ್ರತಿಕಾಯಕ್ಕೆ ಸಿಗದ ಓ ಕಣ, ಅದಕ್ಕೆ ಎಬಿ ಪ್ಲಾಸ್ಮಾ ಬೆರೆಸಿ ಹಿಮ್ಯಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣದ ಶೇಕಡಾ ಪಾಲು) 50ರ ಆಸುಪಾಸಿಗೆ ತರಬೇಕು. ಇಲ್ಲಿ ಮಾತ್ರ ರಕ್ತ ತಾಜಾ ಇರಲೇಬೇಕು, ಐದು ದಿನದೊಳಗಿನದು, ಯಾಕೆಂದರೆ ಮಗುವಿನ ಮೈಯ ಎರಡರಷ್ಟು ರಕ್ತ ಒಂದೆರಡು ಗಂಟೆಯಲ್ಲಿ ಒಳಗೆ ಹೋಗುತ್ತದೆ. ಯಂತ್ರದಲ್ಲೇ ಬೆಚ್ಚಗೆ ಮಾಡಬೇಕಾದ ರಕ್ತವೂ ಇದೇ. ಹೊಕ್ಕುಳ ಸಿರೆಯಿಂದ 15 ಎಂಎಲ್ ತೆಗೆದು 15 ಎಂಎಲ್ ಕೊಡುವುದು, ಹೀಗೆ 32 ಸಲ. ಒಬ್ಬರು ಸಿರಿಂಜ್ ಹಿಡಿದರೆ ಇನ್ನೊಬ್ಬರು ಗಟ್ಟಿಯಾಗಿ ‘ತೆಗೆದದ್ದು’, ‘ಕೊಟ್ಟದ್ದು’ ಎಂದು ಹೇಳುತ್ತಾ ಬರೆಯಬೇಕು. ಎರಡು ಸಲ ತೆಗೆದು ಒಂದು ಸಲ ಕೊಟ್ಟರೆ ಬಿಪಿ ಕುಸಿಯುತ್ತದೆ. ಬ್ಯಾಗನ್ನು ಆಗಾಗ ಅಲುಗಾಡಿಸದಿದ್ದರೆ ಕಣ ತಳಕ್ಕಿಳಿದು ಮೊದಲು ಗಟ್ಟಿ, ಕೊನೆಗೆ ನೀರು ಎಂಬಂತಾಗುತ್ತದೆ. ಮುಗಿದ ಎರಡು ನಾಲ್ಕು ಗಂಟೆಗೆ ಬಿಲಿರುಬಿನ್ ಮತ್ತೆ ಏರುತ್ತದೆ, ಫೋಟೋಥೆರಪಿ ನಿಲ್ಲಿಸಬಾರದು. ಕ್ಯಾಲ್ಸಿಯಂ, ಸಕ್ಕರೆ, ಪ್ಲೇಟ್‌ಲೆಟ್ ಮೂರನ್ನೂ ನೋಡಬೇಕು.

ರಕ್ತ ಹಾಕಿದ ಮೇಲೆ ಸ್ಯಾಚುರೇಷನ್ ಚೆನ್ನಾಗಿ ಏರುತ್ತದೆ. ಆಮ್ಲಜನಕ ಅಷ್ಟೇ ಬಿಟ್ಟರೆ 95 ದಾಟಿ ಹೋಗುತ್ತದೆ. ಕಣ್ಣಿನ ಪರದೆಗೆ ಅದು ಒಳ್ಳೆಯದಲ್ಲ, ಈಗ ಮೈಯಲ್ಲಿರುವುದು ಆಮ್ಲಜನಕವನ್ನು ಸಲೀಸಾಗಿ ಬಿಟ್ಟುಕೊಡುವ ದೊಡ್ಡವರ ಹಿಮೋಗ್ಲೋಬಿನ್. 90–95ರ ನಡುವೆ ನಿಲ್ಲುವಂತೆ ಆಮ್ಲಜನಕ ಇಳಿಸಬೇಕು. ಹುಟ್ಟು ಕಾಯಿಲೆ ಹುಡುಕುವ ನವಜಾತ ಸ್ಕ್ರೀನಿಂಗ್‌ನ ಕಾಗದಕ್ಕೆ ರಕ್ತದ ಹನಿ ಹಾಕುವುದು ರಕ್ತ ಏರಿಸುವ ಮುನ್ನವೇ ಮುಗಿದಿರಬೇಕು. ಇಲ್ಲದಿದ್ದರೆ ಹಾಲಿನ ಸಕ್ಕರೆ ಅರಗದ ಗ್ಯಾಲಕ್ಟೊಸೀಮಿಯಾ, ಹಿಮೋಗ್ಲೋಬಿನ್ ದೋಷಗಳ ವರದಿಯಲ್ಲಿ ಮಗುವಿನ ಬದಲು ದಾನಿಯ ಕಣ ಮಾತಾಡುತ್ತದೆ.

ಡಿಸ್ಚಾರ್ಜ್ ಕಾರ್ಡಿನಲ್ಲಿ ‘ರಕ್ತ ಹಾಕಲಾಗಿದೆ’ ಎಂಬ ಒಂದು ಸಾಲು ಸಾಲದು. ತಾರೀಖು, ಎಷ್ಟು ಎಂಎಲ್, ಬ್ಯಾಗ್ ನಂಬರು, ಯಾವ ಗುಂಪಿನ ಕಣ, ಹಾಕುವ ಮುಂಚಿನ ಮತ್ತು ನಂತರದ ಎಚ್‌ಬಿ ಇರಬೇಕು. ಓ ಕಣ ಹಾಕಿಸಿಕೊಂಡ ಎ ಗುಂಪಿನ ಮಗುವಿನ ಗುಂಪನ್ನು ಮುಂದಿನ ತಿಂಗಳು ಯಾರಾದರೂ ನೋಡಿದರೆ ಎರಡು ಬಗೆಯ ಕಣ ಕಂಡು ಗೊಂದಲಕ್ಕೆ ಬೀಳುತ್ತಾರೆ. ಕಬ್ಬಿಣದ ಹನಿಗಳು ದಿನಕ್ಕೆ ಕೆಜಿಗೆ 2ರಿಂದ 4 ಮಿಗ್ರಾಂ. ತೂಕ ಏರಿದಂತೆ ಹನಿಯೂ ಏರಬೇಕು, ಒಂದೂವರೆ ಕೆಜಿಗೆ ಬರೆದದ್ದನ್ನೇ ಮೂರು ಕೆಜಿಯಾದ ಮೇಲೂ ಹಾಕುತ್ತಿರುವ ಮನೆಗಳೇ ಹೆಚ್ಚು. ಬಾಟಲಿಯಿಂದ ಬಾಟಲಿಗೆ ಒಂದು ಹನಿಯಲ್ಲಿರುವ ಕಬ್ಬಿಣ ಬೇರೆ ಬೇರೆ, ಆದ್ದರಿಂದ ಔಷಧಿ ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಹನಿಗಳ ಲೆಕ್ಕವನ್ನು ಡಾಕ್ಟರ ಹತ್ತಿರ ಮತ್ತೆ ಬರೆಸಿಕೊಳ್ಳಬೇಕು.